ಅಂಡಮಾನಿಗೆ ಹೊರಡುವ ಮುನ್ನ: ನಮ್ಮ ಕಡೆಯವರಿಗೆ ಒಂದಿಷ್ಟು ಸಿದ್ಧತೆ



ಬರುವ ರಜೆಯಲ್ಲಿ ಅಂಡಮಾನಿಗೆ ಹೋಗಬೇಕೆಂದು ಸಿ. ಬೆಳಗಲ್, ಎಮ್ಮಿಗನೂರು, ಆದೋನಿ, ಸಿರುಗುಪ್ಪ ಕಡೆಯ ಕೆಲವು ಮನೆಗಳವರು ನಮ್ಮನ್ನು ವಿಚಾರಿಸಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಎಂದು ಈ ಬರಹ.

ನಮ್ಮಲ್ಲಿ ಹನ್ನೊಂದು ಮಂದಿ ಹಿಂದೊಮ್ಮೆ ಸಿ. ಬೆಳಗಲ್ಲಿನಿಂದ ಹೊರಟು ಹೋಗಿ ಬಂದಿದ್ದೇವೆ. ಆರು ದಿನಕ್ಕೆಂದು ಹೋದವರು ಎಂಟನೆಯ ದಿನ ಊರು ಸೇರಿದೆವು. ನಾವು ಚಿಕ್ಕ ದ್ವೀಪವೊಂದರಲ್ಲಿದ್ದಾಗ ಗಾಳಿ ಎದ್ದು ಹಡಗುಗಳು ನಿಂತವು. ನಮ್ಮ ವಿಮಾನ ನಮ್ಮನ್ನು ಬಿಟ್ಟು ಹಾರಿಹೋಯಿತು. ಹೊಸದಾಗಿ ಹನ್ನೊಂದು ಟಿಕೆಟ್ ಕೊಂಡದ್ದು ದುಡ್ಡಿನ ನಷ್ಟ, ಅದು ಹೇಗೋ ಆಯಿತು. ನಮ್ಮನ್ನು ಕಾಡಿದ್ದು ಬೇರೆ. ಜೊತೆಗಿದ್ದ ಹಿರಿಯರೊಬ್ಬರ ಬಿ.ಪಿ. ಮಾತ್ರೆ ಆರು ದಿನಕ್ಕಷ್ಟೇ ಎಣಿಸಿ ತಂದದ್ದಾಗಿತ್ತು. ಆ ದ್ವೀಪದಲ್ಲಿ ಅದೇ ಮಾತ್ರೆ ಸಿಗದೆ ಒಂದು ರಾತ್ರಿ, ಒಂದು ಹಗಲು ನಾವು ಪಟ್ಟ ಪಾಡು ಯಾರಿಗೂ ಬೇಡ. ಆದೋನಿಯಲ್ಲಿ ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು, ಅದೂ ತಪ್ಪಿದರೆ ಯಾರದೋ ಬೈಕು ಸಿಗುತ್ತದೆ. ಅಲ್ಲಿ ಹಾಗಲ್ಲ. ಸಮುದ್ರ ಬಿಡು ಅಂದರೆ ಮಾತ್ರ ಹೊರಡಬೇಕು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿರಿ.

ಮೊದಲು ಊರುಗಳ ಹೆಸರು

ಅಂಡಮಾನ್ ಮತ್ತು ನಿಕೋಬಾರ್ ಬಂಗಾಳ ಕೊಲ್ಲಿಯಲ್ಲಿರುವ ಕೇಂದ್ರಾಡಳಿತ ಪ್ರದೇಶ. ಸಣ್ಣ ಬಂಡೆಗಳನ್ನೂ ಸೇರಿಸಿದರೆ 800ಕ್ಕೂ ಹೆಚ್ಚು ದ್ವೀಪಗಳು. ಜನ ವಾಸಿಸುವುದು 40ಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಚೆನ್ನೈಯಿಂದ ಸುಮಾರು 1,200 ಕಿ.ಮೀ. ದೂರ.

ಹೆಸರುಗಳ ವಿಷಯದಲ್ಲಿ ಗೊಂದಲವಾಗುತ್ತದೆ. ನಾವು ಶಾಲೆಯಲ್ಲಿ ಓದಿದ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ ಎಂದು ಹೆಸರು. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದು ಹೆಸರಾಯಿತು. ಆದರೆ ಹೋಟೆಲಿನವರು, ಆಟೋದವರು, ಟಿಕೆಟ್ ಮಾರುವವರು ಹಳೆಯದನ್ನೂ ಹೊಸದನ್ನೂ ಬೆರೆಸಿ ಹೇಳುತ್ತಾರೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಮ್ಮಲ್ಲೊಬ್ಬರು ಸ್ವರಾಜ್ ದ್ವೀಪ ಮತ್ತು ಹ್ಯಾವ್‌ಲಾಕ್ ಬೇರೆ ಬೇರೆ ಎಂದುಕೊಂಡು ಎರಡಕ್ಕೂ ರೂಮು ಹುಡುಕುತ್ತಿದ್ದರು.

ಭಾಷೆಗೆ ಹೆದರಬೇಕಿಲ್ಲ. ಬಂಗಾಳಿ, ಹಿಂದಿ, ತಮಿಳಿನ ಜೊತೆಗೆ ತೆಲುಗು ಅಲ್ಲಿ ಧಾರಾಳವಾಗಿ ಕೇಳಿಬರುತ್ತದೆ. 2011ರ ಜನಗಣತಿಯಂತೆ ಅಲ್ಲಿಯವರಲ್ಲಿ ಶೇ. 13ರಷ್ಟು ಮಂದಿಯ ಮಾತೃಭಾಷೆ ತೆಲುಗು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮಂಥ ಗಡಿನಾಡಿನವರಿಗೆ ಇದು ದೊಡ್ಡ ಅನುಕೂಲ. ತರಕಾರಿ ಅಂಗಡಿಯಲ್ಲಿ ಶ್ರೀಕಾಕುಳಂ ಕಡೆಯ ತೆಲುಗು ಕೇಳಿ ನಮ್ಮ ಹೆಂಗಸರು ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟರು.

ಯಾವ ತಿಂಗಳು

ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಹೋಗುವುದು ಒಳ್ಳೆಯದು. ಅದರಲ್ಲೂ ಫೆಬ್ರವರಿ, ಮಾರ್ಚ್‌ನಲ್ಲಿ ಕಡಲು ಶಾಂತ, ನೀರು ತಿಳಿ. ವರ್ಷಕ್ಕೆ ಅಲ್ಲಿ ಸುಮಾರು 3,000 ಮಿ.ಮೀ. ಮಳೆ, ಅಂದರೆ ನಮ್ಮ ಕರ್ನೂಲು ಸೀಮೆಯ ಮಳೆಯ ನಾಲ್ಕು ಪಟ್ಟಿಗೂ ಮೇಲೆ. ಮೇ ತಿಂಗಳಿಂದ ಮುಂಗಾರು ಹಿಡಿದರೆ ದೋಣಿ ಪ್ರಯಾಣ ನಂಬುವಂತಿಲ್ಲ. ನಮ್ಮ ಮಕ್ಕಳ ಬೇಸಿಗೆ ರಜೆ ಅದೇ ಹೊತ್ತಿಗೆ ಬರುವುದು ಸಂಕಟದ ಮಾತು. ಮೇ ಮೊದಲ ವಾರ ದಾಟಿದ ಮೇಲೆ ಹೋಗುವುದನ್ನು ನಾವು ಸಲಹೆ ಮಾಡುವುದಿಲ್ಲ.

ಸಂಕ್ರಾಂತಿ ರಜೆಯಲ್ಲಿ ಹವೆ ಚೆನ್ನಾಗಿರುತ್ತದೆ, ಆದರೆ ನೂಕುನುಗ್ಗಲು, ದರವೂ ಹೆಚ್ಚು. ಇನ್ನೊಂದು ತೊಡಕು: ಆದೋನಿ ಕಡೆಯ ಶಾಲೆಗಳಿಗೂ ಗಡಿಯಾಚೆ ಬಳ್ಳಾರಿ, ರಾಯಚೂರು ಜಿಲ್ಲೆಯ ಶಾಲೆಗಳಿಗೂ ರಜೆ ಒಂದೇ ಸಮಯಕ್ಕೆ ಬರುವುದಿಲ್ಲ. ಬೀಗರು, ನೆಂಟರು ಸೇರಿ ಹೋಗುವವರು ಎರಡೂ ಕಡೆಯ ರಜಾ ಪಟ್ಟಿ ನೋಡಿಯೇ ಟಿಕೆಟ್ ತೆಗೆಯಿರಿ.

ಹೋಗುವ ದಾರಿ

ನಮ್ಮ ಕಡೆಯಿಂದ ಎರಡು ದಾರಿ. ಮೊದಲನೆಯದು ಆದೋನಿ ಸ್ಟೇಷನ್. ಮುಂಬೈ–ಚೆನ್ನೈ ಮಾರ್ಗದ ರೈಲು ಗುಂತಕಲ್, ಕಡಪ, ರೇಣಿಗುಂಟ ಹಾದು ಚೆನ್ನೈ ಸೇರುತ್ತದೆ. ಅಲ್ಲಿಂದ ವಿಮಾನದಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಎರಡನೆಯದು ಸಿ. ಬೆಳಗಲ್, ಕೋಡುಮೂರು ಕಡೆಯವರಿಗೆ ಹತ್ತಿರ: ಕರ್ನೂಲಿಗೆ ಹೋಗಿ, ಅಲ್ಲಿಂದ ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ದೂರದ ಶಂಷಾಬಾದ್ ವಿಮಾನ ನಿಲ್ದಾಣ. 2021ರಲ್ಲಿ ಶುರುವಾದ ಓರ್ವಕಲ್ಲು ವಿಮಾನ ನಿಲ್ದಾಣ ಮನೆಯಂಗಳದಲ್ಲೇ ಇದ್ದರೂ ಅಲ್ಲಿಂದ ಅಂಡಮಾನಿಗೆ ನೇರ ವಿಮಾನವಿಲ್ಲ.

ರೈಲಿನಲ್ಲಿ ಚೆನ್ನೈಗೆ ಹೋಗುವವರು ರೈಲು ತಲುಪುವ ಸಮಯಕ್ಕೂ ವಿಮಾನದ ಸಮಯಕ್ಕೂ ನಡುವೆ ಕನಿಷ್ಠ ಎಂಟು ಗಂಟೆ ಬಿಡಿ. ಹಿಂದಿನ ದಿನವೇ ಚೆನ್ನೈ ಸೇರಿ ಮಲಗಿದರೆ ಇನ್ನೂ ಒಳ್ಳೆಯದು.

ಚೆನ್ನೈ, ವಿಶಾಖಪಟ್ಟಣ, ಕೋಲ್ಕತ್ತಾಗಳಿಂದ ಸರ್ಕಾರಿ ಹಡಗುಗಳೂ ಇವೆ. ಸುಮಾರು ಮೂರು ದಿನದ ಪ್ರಯಾಣ. ವಾರಕ್ಕೊಮ್ಮೆ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ, ವೇಳಾಪಟ್ಟಿ ಆಗಾಗ ಬದಲಾಗುತ್ತದೆ. ಬಿಡುವಿರುವ ಗಟ್ಟಿಗರಿಗೆ ಅದೂ ಒಂದು ಅನುಭವವೇ. ಮನೆಮಂದಿಯೊಡನೆ ವಾರದ ರಜೆ ಹಾಕಿ ಹೋಗುವವರಿಗೆ ಅಲ್ಲ.

ಹೆಸರಿನ ತಕರಾರು

ಪ್ರವಾಸ ಕಚೇರಿಗಳು ಇದನ್ನು ಹೇಳುವುದಿಲ್ಲ, ನಮಗೆ ಅನುಭವದಿಂದ ಗೊತ್ತಾದದ್ದು. ಆಂಧ್ರದ ಕಡೆ ದಾಖಲೆಗಳಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಕರ್ನಾಟಕದ ದಾಖಲೆಯಲ್ಲಿ ಊರಿನದೋ ತಂದೆಯದೋ ಒಂದಕ್ಷರ, ಆಮೇಲೆ ಹೆಸರು. ಒಂದೇ ಮನೆಯಲ್ಲಿ ಗಂಡನ ಆಧಾರ್ ಒಂದು ಬಗೆ, ಸಿರುಗುಪ್ಪದಿಂದ ಬಂದ ಸೊಸೆಯ ಆಧಾರ್ ಇನ್ನೊಂದು ಬಗೆ. ವಿಮಾನದ ಟಿಕೆಟಿನಲ್ಲಿ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಕೇಳುತ್ತದೆ. ಟಿಕೆಟ್ ಮಾಡುವ ಹುಡುಗ ತನಗೆ ತೋಚಿದಂತೆ ತುಂಬುತ್ತಾನೆ. ಆಮೇಲೆ ನಿಲ್ದಾಣದ ಬಾಗಿಲಲ್ಲಿ ತಕರಾರು. ಆದ್ದರಿಂದ ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿಸಿ. ಅಂಡಮಾನಿನ ಒಳಗೆ ಹಡಗಿನ ಟಿಕೆಟಿಗೂ ಗುರುತಿನ ಚೀಟಿ ಬೇಕು. ಪ್ರತಿಯೊಬ್ಬರದೂ ಎರಡೆರಡು ಝೆರಾಕ್ಸ್ ಪ್ರತಿ ಜೊತೆಗಿರಲಿ, ಮಕ್ಕಳದೂ ಸೇರಿ.

ಭಾರತೀಯರಿಗೆ ಶ್ರೀ ವಿಜಯಪುರಂ, ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಿಗೆ ವಿಶೇಷ ಪರವಾನಗಿ ಬೇಡ. ರಾಷ್ಟ್ರೀಯ ಉದ್ಯಾನಗಳಿಗೆ ಮತ್ತು ಕೆಲವು ಚಿಕ್ಕ ದ್ವೀಪಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಕೋಬಾರಿನ ಬಹುಭಾಗ ಬುಡಕಟ್ಟು ಮೀಸಲು ಪ್ರದೇಶ. ಪ್ರವಾಸದ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಳ್ಳಬೇಡಿ.

ಹಡಗು, ಮತ್ತು ಕೈಯಲ್ಲೊಂದು ದಿನ

ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ ಸುಮಾರು 40 ಕಿ.ಮೀ. ಸರ್ಕಾರಿ ಹಡಗು ಅಗ್ಗ, ಎರಡೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ಖಾಸಗಿ ಹಡಗು ತುಸು ಬೇಗ, ದರ ಜಾಸ್ತಿ. ಎರಡೂ ಬೇರೆ ಬೇರೆ ಕಟ್ಟೆಗಳಿಂದ ಹೊರಡುತ್ತವೆ. ಟಿಕೆಟಿನಲ್ಲಿ ಯಾವ ಕಟ್ಟೆ ಎಂದು ಓದಿಕೊಂಡೇ ಆಟೋ ಹತ್ತಿ.

ಗಾಳಿ ಜೋರಾದರೆ ಎರಡೂ ನಿಲ್ಲುತ್ತವೆ. ಹಣ ವಾಪಸು ಬರುತ್ತದೆ, ವಿಮಾನ ವಾಪಸು ಬರುವುದಿಲ್ಲ. ಆದ್ದರಿಂದ ಚಿಕ್ಕ ದ್ವೀಪಗಳನ್ನು ಮೊದಲು ಮುಗಿಸಿ. ಕೊನೆಯ ಎರಡು ರಾತ್ರಿ ಶ್ರೀ ವಿಜಯಪುರಂನಲ್ಲೇ ಇರುವಂತೆ ಯೋಜನೆ ಹಾಕಿಕೊಳ್ಳಿ. ಒಂದು ರಾತ್ರಿ ಸಾಕಲ್ಲವೇ ಎಂದು ಕೇಳುವಿರಿ. ನಾವು ಒಂದು ರಾತ್ರಿಯ ಲೆಕ್ಕ ಹಾಕಿಯೇ ಸಿಕ್ಕಿಬಿದ್ದದ್ದು. ಗಾಳಿ ಏಳದಿದ್ದರೆ ಆ ದಿನ ವ್ಯರ್ಥವೇನೂ ಅಲ್ಲ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲನ್ನು ಅವಸರವಿಲ್ಲದೆ ನೋಡಬಹುದು. ಅದಕ್ಕೆ ಅರ್ಧ ದಿನ ಬೇಕೇ ಬೇಕು.

ಕಡಲು ಕಾಣದ ನಮ್ಮವರಿಗೆ ಹಡಗಿನ ಹೊಯ್ದಾಟಕ್ಕೆ ವಾಂತಿಯಾಗುವುದು ಸಹಜ. ಹೊರಡುವ ಅರ್ಧ ಗಂಟೆ ಮೊದಲು ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳಿ, ಹೊಟ್ಟೆ ತುಂಬ ತಿನ್ನಬೇಡಿ, ಹಾಗೆಂದು ಬರಿಹೊಟ್ಟೆಯಲ್ಲೂ ಇರಬೇಡಿ. ಹಡಗಿನ ನಡುಭಾಗದಲ್ಲಿ ಕೂತು ದೂರದ ಬಾನಂಚನ್ನು ನೋಡುತ್ತಿದ್ದರೆ ಹೊಯ್ದಾಟ ಕಡಿಮೆ ಎನಿಸುತ್ತದೆ. ಫೋನು ನೋಡುತ್ತ ಕೂತವರೇ ಮೊದಲು ಏಳುವುದು. ಕರಾವಳಿಗೆ ಹೋಗುವ ಅವಕಾಶವಿದ್ದರೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಒಮ್ಮೆ ದೋಣಿಯಲ್ಲಿ ಹೋಗಿ ಬಂದು ಮನೆಯ ಹಿರಿಯರಿಗೆ ಕಡಲು ಒಗ್ಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬಹುದು.

ಮಾತ್ರೆ, ರೊಟ್ಟಿ, ಚೀಲ

ದಿನವೂ ಮಾತ್ರೆ ತೆಗೆದುಕೊಳ್ಳುವವರು ಪ್ರವಾಸದ ದಿನಗಳ ಎರಡರಷ್ಟು ಮಾತ್ರೆ ಒಯ್ಯಿರಿ. ಅರ್ಧ ಕೈಚೀಲದಲ್ಲಿ, ಅರ್ಧ ದೊಡ್ಡ ಚೀಲದಲ್ಲಿ. ವೈದ್ಯರ ಚೀಟಿಯೂ ಇರಲಿ. ಮಾತ್ರೆಯ ಕಂಪನಿ ಹೆಸರಲ್ಲದೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನಮ್ಮ ಹಿರಿಯರ ಚೀಟಿಯಲ್ಲಿ ಅದಿದ್ದಿದ್ದರೆ ಬೇರೆ ಕಂಪನಿಯ ಮಾತ್ರೆಯನ್ನಾದರೂ ಕೇಳಬಹುದಿತ್ತು. ಇನ್ಸುಲಿನ್ ಬಳಸುವವರು ತಂಪು ಚೀಲ ಮರೆಯಬಾರದು. ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಶ್ರೀ ವಿಜಯಪುರಂನಲ್ಲಿ ಮಾತ್ರ, ಜಿ.ಬಿ. ಪಂತ್ ಆಸ್ಪತ್ರೆ ಎಂದರೆ ಎಲ್ಲರಿಗೂ ಗೊತ್ತು. ಚಿಕ್ಕ ದ್ವೀಪಗಳಲ್ಲಿ ಆರೋಗ್ಯ ಕೇಂದ್ರಗಳಷ್ಟೇ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬೇಡಿ.

ಶಾಕಾಹಾರಿಗಳಿಗೆ ಶ್ರೀ ವಿಜಯಪುರಂನಲ್ಲಿ ಇಡ್ಲಿ, ದೋಸೆ, ಅನ್ನ ಸಾರು ಸುಲಭವಾಗಿ ಸಿಗುತ್ತದೆ. ಚಿಕ್ಕ ದ್ವೀಪಗಳಲ್ಲಿ ಹುಡುಕಬೇಕು. ಕಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ವಾರ ಕೆಡುವುದಿಲ್ಲ. ಉಗ್ಗಾಣಿ ಇಲ್ಲದೆ ಬೆಳಗಾಗದವರು ಒಂದಿಷ್ಟು ಮಂಡಕ್ಕಿ ಕಟ್ಟಿಕೊಳ್ಳಲಿ, ಯಾರೂ ನಗುವುದಿಲ್ಲ. ಖಾರದ ಪುಡಿ, ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ವಿಮಾನದ ಹೊಟ್ಟೆಗೆ ಹೋಗುವ ಚೀಲದಲ್ಲಿ ಗಟ್ಟಿಯಾಗಿ ಮುಚ್ಚಿ ಇಡಿ. ಒಣ ಕೊಬ್ಬರಿ ಬಟ್ಟಲು ಮಾತ್ರ ಆ ಚೀಲದಲ್ಲೂ ಬೇಡ, ಬೆಂಕಿ ಹಿಡಿಯುವ ವಸ್ತುವೆಂದು ತಡೆಯುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಚೆನ್ನೈಯಿಂದ ಸಮುದ್ರದಡಿ ಎಳೆದ ಕೇಬಲ್ 2020ರ ಆಗಸ್ಟಿನಲ್ಲಿ ಕೆಲಸ ಶುರುಮಾಡಿದ ಮೇಲೆ ಮೊಬೈಲ್, ಇಂಟರ್ನೆಟ್ ಸುಧಾರಿಸಿವೆ. ಆದರೂ ದ್ವೀಪ ದಾಟಿದಂತೆ ಸಿಗ್ನಲ್ ಕೈಕೊಡುತ್ತದೆ, ಫೋನ್ ಪೇ ನಿಂತುಹೋಗುತ್ತದೆ. ಎಟಿಎಂಗಳು ಬೆರಳೆಣಿಕೆ. ನಗದು ಶ್ರೀ ವಿಜಯಪುರಂನಲ್ಲೇ ತೆಗೆದಿಟ್ಟುಕೊಳ್ಳಿ. ಟಿಕೆಟ್, ರೂಮಿನ ಕಾಗದಗಳನ್ನು ಅಚ್ಚು ಹಾಕಿಸಿಕೊಂಡು ಹೋಗಿ.

ಇನ್ನೊಂದು: ಗಡಿಯಾರ ನಮ್ಮದೇ, ಸೂರ್ಯ ನಮ್ಮದಲ್ಲ. ಅಲ್ಲಿ ಹೊತ್ತು ಹುಟ್ಟುವುದೂ ಮುಳುಗುವುದೂ ನಮ್ಮೂರಿಗಿಂತ ಸುಮಾರು ಒಂದು ಗಂಟೆ ಮೊದಲು. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು ಕವಿಯತೊಡಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಡುವವರಿಗೆ ಅರ್ಧ ದಿನವೇ ಹೋದಂತೆ.

ಜೀವಜಂತುಗಳ ನಡುವೆ

ಹುಲಿ, ಚಿರತೆ ಅಲ್ಲಿಲ್ಲ. ನೇತಾಜಿ ದ್ವೀಪದಲ್ಲಿ ಕಾಣುವ ಚುಕ್ಕೆ ಜಿಂಕೆ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟದ್ದು. ಅಲ್ಲಿಯದೇ ಆದ ಸಿರಿ ಎಂದರೆ ಹಕ್ಕಿ, ಆಮೆ, ಹವಳ. ಬೇರೆಲ್ಲೂ ಇಲ್ಲದ ಇಪ್ಪತ್ತಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಈ ದ್ವೀಪಗಳಲ್ಲಿವೆ. ಶ್ರೀ ವಿಜಯಪುರಂನಿಂದ ಸುಮಾರು 25 ಕಿ.ಮೀ. ದೂರದ ಚಿಡಿಯಾ ಟಾಪುವಿಗೆ ನಸುಕಿನಲ್ಲೇ ಹೋದರೆ ಅಂಡಮಾನ್ ಮರಕುಟಿಗ, ಕಾಜಾಣದಂಥವು ಕಾಣಸಿಗಬಹುದು. ಉತ್ತರದ ದಿಗ್ಲಿಪುರ ಸುಮಾರು 300 ಕಿ.ಮೀ. ದೂರ. ಅಲ್ಲಿನ ಕಾಲಿಪುರ ಕಡಲತೀರಕ್ಕೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಟಾರ್ಚ್ ಬಿಡುವುದು, ಫ್ಲಾಶ್ ಹೊಡೆಯುವುದು ಕೂಡದು; ಬೆಳಕಿಗೆ ಹೆದರಿ ಆಮೆ ಮೊಟ್ಟೆಯಿಡದೆ ಮರಳುತ್ತದೆ. ಅಲ್ಲಿನ ರಾಜ್ಯಪ್ರಾಣಿ ಡುಗಾಂಗ್, ಅಂದರೆ ಕಡಲ ಹಸು. ಕಾಣುವುದು ಬಲು ಅಪರೂಪ. ತೋರಿಸುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ.

ಹವಳ ನೋಡಲು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಒಳ್ಳೆಯ ಜಾಗ, 1983ರಲ್ಲಿ ಘೋಷಿಸಿದ್ದು. ಅಲ್ಲಿನ ಜಾಲಿ ಬಾಯ್, ರೆಡ್ ಸ್ಕಿನ್ ಎಂಬೆರಡು ದ್ವೀಪಗಳಲ್ಲಿ ಒಂದು ತೆರೆದಿದ್ದಾಗ ಇನ್ನೊಂದಕ್ಕೆ ಬಿಡುವು. ಜೋಳದ ಹೊಲವನ್ನು ಬೀಡು ಬಿಟ್ಟಂತೆ ಹವಳಕ್ಕೂ ವಿಶ್ರಾಂತಿ ಬೇಕು. ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ, ಕಟ್ಟೆಯಲ್ಲೇ ಚೀಲ ತೆಗೆದು ನೋಡುತ್ತಾರೆ. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ.

ತುಂಗಭದ್ರೆಯಲ್ಲಿ ಈಜಿ ಬೆಳೆದವರಿಗೆ ಒಂದು ಮಾತು. ಹೊಳೆಯ ಈಜು ಬೇರೆ, ಕಡಲಿನದು ಬೇರೆ. ಸೆಳೆತ ಒಳಕ್ಕೆ ಎಳೆದರೆ ಎದುರು ಈಜಿ ಸುಸ್ತಾಗಬೇಡಿ; ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಿ. ಉಪ್ಪುನೀರಿನ ಮೊಸಳೆ ಅಲ್ಲಿ ಸುಳ್ಳು ಭಯವಲ್ಲ. 2010ರಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ತೀರದ ಬಳಿಯಲ್ಲೇ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆ ಫಲಕವಿರುವಲ್ಲಿ, ಹಿನ್ನೀರಿನ ಬಾಯಲ್ಲಿ, ಮ್ಯಾಂಗ್ರೋವ್ ಗಿಡಗಳ ಹತ್ತಿರ, ಮುಸ್ಸಂಜೆಯಲ್ಲಿ ನೀರಿಗಿಳಿಯಬೇಡಿ. ಜೀವರಕ್ಷಕರು ಬೇಡ ಎಂದರೆ ಬೇಡ, ಅವರ ಜೊತೆ ವಾದ ಹಾಕಬೇಡಿ.

ಸ್ಕೂಬಾ ಮಾಡುವವರಿಗೆ ಆರೋಗ್ಯದ ಬಗ್ಗೆ ಒಂದು ಫಾರಂ ಕೊಡುತ್ತಾರೆ. ಉಬ್ಬಸ, ಬಿ.ಪಿ., ಹೃದಯದ ತೊಂದರೆ ಮುಚ್ಚಿಟ್ಟು ಸಹಿ ಹಾಕುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಡಿ ಮುಳುಗಿದ ಮೇಲೆ ಒಂದು ದಿನ ಕಳೆಯುವ ತನಕ ವಿಮಾನ ಹತ್ತಬಾರದು; ಕೊನೆಯ ದಿನವನ್ನು ಖಾಲಿ ಇಡಲು ಇದೂ ಒಂದು ಕಾರಣ.

2004ರ ಡಿಸೆಂಬರ್ 26ರ ಸುನಾಮಿ ಈ ದ್ವೀಪಗಳನ್ನು ಬಡಿದದ್ದು ನೆನಪಿರಬಹುದು. ತೀರದಲ್ಲಿದ್ದಾಗ ನೆಲ ಜೋರಾಗಿ ನಡುಗಿದರೆ ಯಾರ ಸಂದೇಶಕ್ಕೂ ಕಾಯದೆ ಎತ್ತರದ ಜಾಗಕ್ಕೆ ನಡೆಯಿರಿ.

ಜಾರವಾ ದಾರಿ

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವ ರಸ್ತೆ ಜಾರವಾ ಜನರ ಮೀಸಲು ಅರಣ್ಯದ ನಡುವೆ ಹಾದುಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ನಿಗದಿತ ಸಮಯಕ್ಕೆ ಪೊಲೀಸ್ ಕಾವಲಿನಲ್ಲಿ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ಮೊದಲ ಸಾಲು ಹಿಡಿಯಬೇಕಾದರೆ ಬೆಳಗಿನ ಜಾವ ಮೂರೂವರೆ, ನಾಲ್ಕಕ್ಕೇ ಹೊರಡಬೇಕು. ದಾರಿಯಲ್ಲಿ ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. 1956ರ ಮೂಲನಿವಾಸಿ ಬುಡಕಟ್ಟು ಸಂರಕ್ಷಣಾ ನಿಯಮದಡಿ ಜೈಲು ಶಿಕ್ಷೆಯೂ ಇದೆ.

ಕಾನೂನಿನ ಮಾತು ಒಂದು ಕಡೆ ಇರಲಿ. ನಮ್ಮ ವಾಹನದ ಚಾಲಕ "ಅದೃಷ್ಟವಿದ್ದರೆ ಜಾರವಾ ಕಾಣುತ್ತಾರೆ" ಎಂದಾಗ ನಮ್ಮಲ್ಲಿ ಕೆಲವರು ಕಿಟಕಿಗೆ ಮುಖವಿಟ್ಟು ಕೂತರು. ಅದು ಸರಿಯಲ್ಲ ಎಂದು ನಮಗೆ ಅಲ್ಲೇ ಅನಿಸಿತು. ಅವರು ಕೆಲವೇ ನೂರು ಮಂದಿ. ಹೊರಗಿನವರಿಂದ ಹರಡುವ ದಡಾರದಂಥ ಕಾಯಿಲೆ ಅವರಿಗೆ ದೊಡ್ಡ ಅಪಾಯ. ಗುಹೆ ನೋಡಲೇಬೇಕೆನ್ನುವವರು ಹೋಗಿ ಬನ್ನಿ. ಮನುಷ್ಯರನ್ನು ನೋಡಲೆಂದು ಆ ರಸ್ತೆಗೆ ಹೋಗುವವರಿದ್ದರೆ ಆ ದಿನವನ್ನು ಚಿಡಿಯಾ ಟಾಪುವಿನಲ್ಲಿ ಕಳೆಯಿರಿ.

ಬರುವಾಗ

ತೀರದಲ್ಲಿ ಸತ್ತು ಬಿದ್ದ ಹವಳದ ತುಂಡು, ಚಿಪ್ಪು ನೋಡಿದರೆ ದೇವರ ಗೂಡಿಗೆ ಇಡೋಣ ಎನ್ನಿಸುತ್ತದೆ. ನಮ್ಮ ತಂಡದ ಅತ್ತೆಯೊಬ್ಬರು ಹಿಡಿಯಷ್ಟು ಬಿಳಿ ಹವಳವನ್ನು ಸೀರೆಯ ನಡುವೆ ಸುತ್ತಿಟ್ಟಿದ್ದರು. ವಿಮಾನ ನಿಲ್ದಾಣದ ಯಂತ್ರದಲ್ಲಿ ಅದು ಕಂಡಿತು. ಹಿರಿಯರೆಂದು ತಿಳಿಹೇಳಿ, ತುಂಡುಗಳನ್ನು ತೆಗೆದುಕೊಂಡು ಬಿಟ್ಟರು. ಅಷ್ಟರಲ್ಲಿ ನಮ್ಮೆಲ್ಲರ ಬೆವರಿಳಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹವಳವಿದೆ. ಆ ಪಟ್ಟಿಯ ಜೀವಿಗಳ ವಿಷಯದಲ್ಲಿ ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು. ಸತ್ತದ್ದು, ಬಿದ್ದದ್ದು, ಒಂದೇ ತುಂಡು ಎಂಬ ಮಾತು ನಡೆಯುವುದಿಲ್ಲ. ಚಿಪ್ಪಿನ ವಸ್ತು ಬೇಕಿದ್ದರೆ ಸರ್ಕಾರಿ ಮಳಿಗೆಯಲ್ಲಿ ಕೊಂಡು ರಸೀದಿಯನ್ನು ಚೀಲದ ಮೇಲ್ಭಾಗದಲ್ಲೇ ಇಡಿ.

ಚೆನ್ನೈಗೆ ಬಂದಿಳಿದ ದಿನದ ರಾತ್ರಿಯ ರೈಲಿಗೆ ಟಿಕೆಟ್ ಮಾಡುವವರು, ವಿಮಾನ ತಡವಾದರೆ ಮರುದಿನಕ್ಕೆ ಏನು ಗತಿ ಎಂದು ಮೊದಲೇ ಯೋಚಿಸಿಕೊಳ್ಳಿ. ಮನೆಯಲ್ಲಿ ಎಮ್ಮೆ, ಹೊಲ, ಅಂಗಡಿ ನೋಡಿಕೊಳ್ಳುವವರಿಗೆ ಬರುವ ದಿನವನ್ನು ಎರಡು ದಿನ ಮುಂದಕ್ಕೆ ಹೇಳಿ ಹೋಗಿ.

ಈ ಸಲ ಹೋಗಲಿರುವವರು ನಮ್ಮನ್ನು ಮೊದಲೇ ಕಂಡರೆ ನಾವು ಬಳಸಿದ ಹಡಗಿನ ವೇಳಾಪಟ್ಟಿ, ಖರ್ಚಿನ ಲೆಕ್ಕದ ಪುಸ್ತಕ ತೋರಿಸುತ್ತೇವೆ. ಮಕ್ಕಳಿಗೆ ಸಾಲುವ ಎರಡು ಈಜು ಜಾಕೆಟ್ ಸಿ. ಬೆಳಗಲ್ಲಿನಲ್ಲಿ ನಮ್ಮ ಹತ್ತಿರವೇ ಇವೆ; ಬೇಕಾದವರು ಒಯ್ದು ತೊಳೆದು ವಾಪಸು ಕೊಡಿ.